ಎಡಗಾಲು ಎಳೆಯುತ್ತಿದ್ದವನ ಹೆಸರಿನಲ್ಲಿ

ಅಪ್ಪಾ, ಕೊನ್ಯಿತ್ಸಿನಲ್ಲಿ ಈಗ ಮೊದಲ ಹಿಮ.
ನೆರೆತ್ವಾ ನದಿ ಮಾತ್ರ ಹಸಿರಾಗಿಯೇ ಹರಿಯುತ್ತಿದೆ.
ನೀನು ಅರ್ಧ ಕೆತ್ತಿ ಬಿಟ್ಟ ಮೇಜಿನ ಕಾಲು
ಕಿಟಕಿಯ ಕೆಳಗಿದೆ ಇನ್ನೂ,
ಅದರಲ್ಲಿ ಮೂಡಿರುವುದು ಮೂರೇ ಎಲೆ.
ಲೆಕ್ಕ ಒಪ್ಪಿಸಲು ಕೂತಿದ್ದೇನೆ, ಕೇಳು.

ಅಕ್ರೋಟು ಮರದ ಪೆಟ್ಟಿಗೆಯಲ್ಲಿ ನೀನಿಟ್ಟದ್ದು
ನಾಲ್ಕು ಸಾವಿರದ ಇನ್ನೂರು ಮಾರ್ಕು.
ಮೇಲೊಂದು ಚೀಟಿ: ಹಜ್ಜಿಗೆ. ಮುಟ್ಟಬೇಡಿ.
ಸೌದೆ ತೀರಿದ ಚಳಿಗಾಲದಲ್ಲೂ ಯಾರೂ ಮುಟ್ಟಲಿಲ್ಲ.
ಮೊದಲು ಮುಟ್ಟಿದವಳು ನಾನೇ,
ನೀನು ಮಣ್ಣಿಗಿಳಿದ ಮೇಲೆ.

ಮೊದಲ ಸಲ ಮೋಸಹೋದೆ. ಹೇಳಿಯೇಬಿಡುತ್ತೇನೆ.
ಬಸ್ ನಿಲ್ದಾಣದ ಹಿಂದೆ ಒಂದು ಕೋಣೆ,
ಗೋಡೆಯ ತುಂಬ ಕಾಬಾ,
ಬೆಣ್ಣೆಯಂಥ ಮಾತಿನವನು:
'ನಿಮ್ಮ ತಂದೆಯ ಬದಲಿಗೆ ನಮ್ಮವನೊಬ್ಬ ಹೋಗುತ್ತಾನೆ, ತಂಗೀ,
ಅಲ್ಲಿಯೇ ಇರುವವನು, ವಿಮಾನದ ಖರ್ಚಿಲ್ಲ,
ಸಾವಿರದ ಐನೂರು ಸಾಕು.'
ಹಬ್ಬ ಕಳೆದು ವಾರಕ್ಕೆ ಪ್ರಮಾಣಪತ್ರ ಬಂತು,
ಚಿನ್ನದ ಅಂಚು, ನಿನ್ನ ಹೆಸರು,
ಒಂದಕ್ಷರವೂ ತಪ್ಪಿಲ್ಲ.
ಗಾಜು ಹಾಕಿಸಿ ತೂಗುಹಾಕಿದೆ.

ಕಾಫಿಗೆ ಬಂದ ಜುಮ್ರಾ ಅದನ್ನು ನೋಡಿ
ಮಾತಾಡದೆ ಮನೆಗೆ ಹೋದಳು,
ತನ್ನಣ್ಣನದನ್ನು ತಂದು ಪಕ್ಕದಲ್ಲಿಟ್ಟಳು.
ಅದೇ ವರ್ಷ. ಅದೇ ಅರಫಾ.
ಅದೇ ಮನುಷ್ಯನ ಅದೇ ರುಜು.
ಒಂದು ಮೈಗೆ ವರ್ಷಕ್ಕೆ ಒಂದೇ ಹಜ್ಜು, ಅಪ್ಪಾ,
ಒಬ್ಬನ ಹೆಗಲೇರಿ ಒಬ್ಬನೇ ಸತ್ತವನು ಹೋಗಬಲ್ಲ.
ವಿಚಾರಿಸುತ್ತ ಹೋದೆವು:
ರೊಟ್ಟಿಯಂಗಡಿಯವನ ತಾಯಿ,
ಸೇತುವೆಯಾಚೆಯ ಇಬ್ಬರು ಸೋದರರು,
ಒಟ್ಟು ಒಂಬತ್ತು ಜನ.
'ಎರಡು ತುಂಡು ಬಿಳಿ ಬಟ್ಟೆಯೊಳಗೆ
ಒಂಬತ್ತು ಜನ ಹೇಗೆ ಒತ್ತಿಕೊಂಡರೋ!'
ಜುಮ್ರಾ ನಕ್ಕಳು, ನಗುತ್ತಲೇ ಅತ್ತಳು.
ಆ ಕೋಣೆಗೆ ಹೋದರೆ ಬೀಗ;
ಗೋಡೆಯ ಕಾಬಾ ಮಾತ್ರ ಕಿಟಕಿಯಿಂದ ಕಾಣುತ್ತಿತ್ತು.

ಎರಡು ಚಳಿಗಾಲ ಹೋಟೆಲಿನ ಚಾದರ ಒಗೆದೆ.
ನಿನ್ನ ಉಳಿಗಳನ್ನು ಮಾರಲಿಲ್ಲ.

ಆಮೇಲೆ ಸಿಕ್ಕವನು ಹಿಲ್ಮಿಯಾ,
ಯಾಬ್ಲನಿತ್ಸಾದವನು, ನಿವೃತ್ತ ರೈಲು ಗಾರ್ಡು.
'ತನ್ನ ಹಜ್ಜು ತೀರಿಸದವನು
ಇನ್ನೊಬ್ಬರ ಬದಲಿಗೆ ಹೋಗುವಂತಿಲ್ಲ,
ನಿಮ್ಮ ಹಳೆಯ ಪಾಸ್‌ಪೋರ್ಟು ತೋರಿಸಿ' ಎಂದೆ,
ಮುಖ ಗಟ್ಟಿ ಮಾಡಿಕೊಂಡು.
ಆತ ಬೇಸರಪಡಲಿಲ್ಲ. ಹನ್ನೊಂದು ವರ್ಷದ ಹಿಂದಿನ ಮುದ್ರೆ ತೋರಿಸಿ
ತಾನೂ ಕೇಳಿದ:
ಅವನ ತಾಯಿಯ ಹೆಸರೇನು?
ಅವನು ಹೇಗೆ ನಡೆಯುತ್ತಿದ್ದ?
ಅಲ್ಲಿ ನಿಂತಿದ್ದರೆ ಏನು ಬೇಡಿಕೊಳ್ಳುತ್ತಿದ್ದ?
ಮೂರನೆಯದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.
ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು
ಅದನ್ನು ನಾನು ಕೇಳಿರಲೇ ಇಲ್ಲ.

ಮರಳಿ ಬಂದವನು ಮೇಜಿನ ಮೇಲೆ ಲಕೋಟೆಯಿಟ್ಟ.
ಉಳಿದ ಎಂಬತ್ತಮೂರು ಮಾರ್ಕು,
ಗೀಟು ಹಾಳೆಯಲ್ಲಿ ಖರ್ಚಿನ ಪಟ್ಟಿ:
ಡೇರೆ, ಬಸ್ಸು, ಕುರಿ.
ಚಪ್ಪಲಿ ಕಳೆಯಿತು, ಅದು ನನ್ನ ಲೆಕ್ಕಕ್ಕೆ.
ಪ್ರಮಾಣಪತ್ರ ಇರಲಿಲ್ಲ.
ಟೊಪ್ಪಿ ತೆಗೆದು ಮಡಿಲಲ್ಲಿಟ್ಟುಕೊಂಡು ಹೇಳಿದ:

'ಒಂದು ತಪ್ಪಾಗಿದೆ.
ಅರಫಾದಲ್ಲಿ ನಡುಮಧ್ಯಾಹ್ನ, ತಲೆ ಕಾದು
ನಿಮ್ಮಪ್ಪನ ಹೆಸರೇ ಮರೆತುಹೋಯಿತು.
ಎಷ್ಟು ತಡಕಿದರೂ ಇಲ್ಲ.
ಕೊನೆಗೆ ಕೈಯೆತ್ತಿ ಹೇಳಿದೆ:
ಕೊನ್ಯಿತ್ಸಿನವನು, ಮರದಲ್ಲಿ ಎಲೆ ಕೆತ್ತುವವನು,
ಎಡಗಾಲು ಎಳೆಯುತ್ತಿದ್ದನಲ್ಲ, ಅವನು,
ನಿನಗೆ ಗೊತ್ತು.
ಬಿಸಿಲಿಳಿದ ಮೇಲೆ ಹೆಸರು ಬಂತು. ಶೆವ್ಕಿಯಾ.
ಅದಕ್ಕೆ ಇನ್ನಷ್ಟು ಹಣ ಹಿಂದಿರುಗಿಸಬೇಕೇ, ಹೇಳಿ.'

ನಾನು ಕಾಫಿ ಬಗ್ಗಿಸಿದೆ.
ಕೈ ನಡುಗಿ ತಟ್ಟೆಗೂ ಚೆಲ್ಲಿತು.

ಹೋಗುವಾಗ ಅಂಗಳದ ಹಿಮದ ಮೇಲೆ
ನಿಧಾನ ನಡೆದ. ಬರಿಗಾಲಲ್ಲಿ ಸುಟ್ಟ ಬೊಬ್ಬೆ
ಇನ್ನೂ ಮಾಗಿಲ್ಲವಂತೆ.
ಯಾವ ಕಾಲು ಎಂದು ನಾನು ನೋಡಲಿಲ್ಲ, ಅಪ್ಪಾ.
ಬೇಕೆಂದೇ ನೋಡಲಿಲ್ಲ.